19 ಮಿಲಿಮೀಟರ್ ಬಾಯಿ, ಮೇಜಿನ ಮೇಲೆ ನಾಲ್ಕು ಕ್ಯಾಮೆರಾ

ರೋಗಿಗೆ 41 ವರ್ಷ. ಊರು ಕಲಬುರಗಿ ಜಿಲ್ಲೆ, ಆಳಂದದ ಕಡೆ. ಸೆಂಟ್ರಿಂಗ್ ಕೆಲಸಕ್ಕೆ ಅಂತ ಪುಣೆಗೆ ಬಂದವರು. ಈಗ ಹಿಂಜವಡಿ ಸುತ್ತಲಿನ ಕಟ್ಟಡಗಳಿಗೆ ಆಳು ಒದಗಿಸುವ ಮುಕಾದಮ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಬಾಯಿಯ ಅಳತೆ ಬದಲಿಸಿಲ್ಲ.

ಕಾಯಿಲೆ ದೊಡ್ಡದೇನಲ್ಲ. ಪಿತ್ತಕೋಶದಲ್ಲಿ ಕಲ್ಲು. ಊಟ ಆದ ಮೇಲೆ ಬಲ ಪಕ್ಕೆಯ ಕೆಳಗೆ ಹಿಡಿದುಕೊಳ್ಳುವ ನೋವು ಮತ್ತೆ ಮತ್ತೆ ಬರುತ್ತಿತ್ತು. ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ ಲ್ಯಾಪ್ರೊಸ್ಕೋಪಿಯಲ್ಲಿ ತೆಗೆಯುವುದು ಅಂತ ತೀರ್ಮಾನ ಆಗಿತ್ತು. ಶುಗರ್ ಇಲ್ಲ, ಬಿ.ಪಿ. ಇಲ್ಲ. ರಕ್ತ, ಇ.ಸಿ.ಜಿ., ಎದೆಯ ಎಕ್ಸ್‌ರೇ ಎಲ್ಲ ಸರಿ. ಸರ್ಜನ್ ಮರುದಿನದ ಲಿಸ್ಟಿನಲ್ಲಿ ಮೂರನೇ ಕೇಸು ಅಂತ ಬರೆದಿದ್ದರು.

ಆಪರೇಷನ್ನಿನ ಹಿಂದಿನ ದಿನ ನಾವು ಅರಿವಳಿಕೆ (ಅನಸ್ತೇಶಿಯಾ) ಡಾಕ್ಟರುಗಳು ಹೋಗಿ ರೋಗಿಯನ್ನು ನೋಡಬೇಕು. ಮಲಗಿಸಿದ ಮೇಲೆ ಉಸಿರಿನ ಟ್ಯೂಬನ್ನು ಸಾಮಾನ್ಯವಾಗಿ ಬಾಯಿಯಿಂದಲೇ ಇಳಿಸಬೇಕು. ಕುತ್ತಿಗೆ ಎಷ್ಟು ಹಿಂದಕ್ಕೆ ಬಾಗುತ್ತದೆ, ಗದ್ದ ಎಷ್ಟು ಉದ್ದ, ಬಾಯಿ ಎಷ್ಟು ತೆರೆಯುತ್ತದೆ ಎಂದೆಲ್ಲ ನೋಡುತ್ತೇವೆ. ಬಾಯಿ ತೆರೆಯಿರಿ ಅಂದೆ. ಸ್ವಲ್ಪ ತೆರೆದು ನಿಲ್ಲಿಸಿದರು.

"ಇನ್ನೂ ತೆರೀರಿ ಅಣ್ಣಾರ."

"ಇಷ್ಟೇ ಬರ್ತದ್ರೀ ಬಾಯಾರ."

ಹೆಂಡತಿ ಪಕ್ಕದಲ್ಲೇ ಇದ್ದರು. "ಮೊದ್ಲ ಖಾರ ತಿಂದ್ರ ಬಾಯಿ ಉರೀತದ ಅಂತಿದ್ರು. ಆಮ್ಯಾಗ ಖಡಕ್ ರೊಟ್ಟಿ ಬಿಟ್ರು. ಈಗ ಮೆತ್ತನ ರೊಟ್ಟಿ ಬ್ಯಾಳ್ಯಾಗ ಕಿವುಚಿ ತಿಂತಾರ್ರೀ" ಅಂದರು. ಪುಸ್ತಕದಲ್ಲಿ ಒಂದು ಪುಟ ಇರುವ ರೋಗಲಕ್ಷಣವನ್ನು ಆಕೆ ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಕೆನ್ನೆಯ ಒಳಗೆ ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ಸಿಗುತ್ತಿದ್ದವು, ಮೇಲಿನಿಂದ ಕೆಳಕ್ಕೆ, ಎರಡೂ ಕಡೆ. ಅಂಗಳು ಬೆಳ್ಳಗಾಗಿ ಬಿಗಿದಿತ್ತು. ಕಿರುನಾಲಿಗೆ ಮೊಟಕಾಗಿತ್ತು. ನಾಲಿಗೆ ತುಟಿ ದಾಟಿ ಹೊರಗೆ ಬರುತ್ತಿರಲಿಲ್ಲ. ಕಾರಣ ಕೇಳುವ ಅಗತ್ಯ ಇರಲಿಲ್ಲ, ಅಂಗಿಯ ಜೇಬಿನಲ್ಲೇ ಇತ್ತು. ಮಾವಾ. ಹೆರೆದ ಅಡಿಕೆ, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ತಿಕ್ಕಿದ್ದು. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಲ್ಲೇ ಬಂದ್ ಆಯಿತು, ಕರ್ನಾಟಕದಲ್ಲಿ 2013ರಲ್ಲಿ. ಕಟ್ಟಡ ಏಳುವ ಜಾಗದ ಪಕ್ಕದ ಪಾನ್ ಡಬ್ಬಿ ಮಾತ್ರ ಬಂದ್ ಆಗಿಲ್ಲ.

ಇದರ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೆನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಕಂಡು ಬರೆದರು. ಮರುವರ್ಷ ಮುಂಬೈನ ಎಸ್. ಜಿ. ಜೋಶಿ ಇದೇ ಕಾಯಿಲೆಗೆ ಈಗ ನಾವು ಬಳಸುವ ಹೆಸರು ಕೊಟ್ಟರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಬಾಯಿಯ ಒಳಪದರದ ಕೆಳಗೆ ನಾರು ಬೆಳೆಸುತ್ತದೆ, ಆ ನಾರು ಬಿಗಿಯುತ್ತಾ ಹೋಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಶಿರಸಿ, ಸಾಗರದ ಕಡೆಯ ನನ್ನ ನೆಂಟರಿಗೆ ಈ ಮಾತು ಹಿಡಿಸುವುದಿಲ್ಲ. ಹಾಗಂತ ಹೇಳದೆ ಇರೋಕಾಗುತ್ತಾ?

ಅರಿವಳಿಕೆಗೆ ಇಲ್ಲಿ ಮುಖ್ಯವಾದ ವಿಷಯ ಒಂದಿದೆ. ಹಲ್ಲಿನ ಬೇರಿನಲ್ಲಿ ಕೀವಾಗಿ ಬಾಯಿ ತೆರೆಯದವರೂ ಬರುತ್ತಾರೆ. ಅವರಲ್ಲಿ ಎಷ್ಟೋ ಸಲ ನೋವಿಗೆ ಸ್ನಾಯು ಬಿಗಿದಿರುತ್ತದೆ. ಮಲಗಿಸಿ ಸ್ನಾಯು ಸಡಿಲಿಸುವ ಔಷಧಿ ಕೊಟ್ಟರೆ ಬಾಯಿ ಸುಮಾರು ತೆರೆದುಕೊಳ್ಳುತ್ತದೆ. ಇಲ್ಲಿ ಬಿಗಿದಿರುವುದು ಸ್ನಾಯು ಅಲ್ಲ, ನಾರು. ಔಷಧಿ ಎಷ್ಟು ಕೊಟ್ಟರೂ ನಾರು ಸಡಿಲ ಆಗುವುದಿಲ್ಲ. ವಾರ್ಡಿನಲ್ಲಿ ಎಷ್ಟು ತೆರೆಯುತ್ತದೋ ಓಟಿಯಲ್ಲೂ ಅಷ್ಟೇ. ಆದ್ದರಿಂದ ಬೆರಳಿನ ಅಂದಾಜು ಬಿಟ್ಟು ಸ್ಕೇಲ್ ತರಿಸಿದೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ 19 ಮಿಲಿಮೀಟರ್. ಸಾಮಾನ್ಯವಾಗಿ ದೊಡ್ಡವರಲ್ಲಿ 35ರಿಂದ 50 ಇರುತ್ತದೆ. ನಂಬಿಕೆ ಬರಲಿಲ್ಲ ಅಂತ ಮರದ ನಾಲಿಗೆ ಒತ್ತುಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಿದೆವು. ಇನ್ನೊಂದು ಪಟ್ಟಿ ಹಿಡಿಸಲಿಲ್ಲ ಎನ್ನುವಲ್ಲಿ ನಿಲ್ಲಿಸಿ ಆ ಕಟ್ಟನ್ನು ಅಳೆದರೂ ಅದೇ 19.

ಕುತ್ತಿಗೆ ಚೆನ್ನಾಗಿ ಬಾಗುತ್ತಿತ್ತು. ಗದ್ದ ಸರಿ ಇತ್ತು, ಗಡ್ಡ ಇರಲಿಲ್ಲ, ಗೊರಕೆಯ ತಕರಾರೂ ಇರಲಿಲ್ಲ. ಅಂದರೆ ಬಾಗಿಲು ಇಕ್ಕಟ್ಟು, ಒಳಗೆ ಮನೆ ಸರಿಯಾಗಿದೆ.

ಮೇಜಿನ ಮೇಲೆ ಇದ್ದವು

ಆ ವಾರ ನಮ್ಮ ಆಸ್ಪತ್ರೆ ವಿಡಿಯೊ ಲ್ಯಾರಿಂಗೋಸ್ಕೋಪ್, ಅಂದರೆ ಟ್ಯೂಬ್ ಹಾಕುವಾಗ ಗಂಟಲೊಳಗೆ ನೋಡಲು ಕ್ಯಾಮೆರಾ ಇರುವ ಬ್ಲೇಡ್, ಕೊಳ್ಳುವ ತಯಾರಿಯಲ್ಲಿತ್ತು. ನಮ್ಮಲ್ಲಿ ಹಳೆಯ ಸಿ-ಮ್ಯಾಕ್ ಒಂದಿತ್ತು. ಮ್ಯಾಕ್‌ಗ್ರಾತ್, ಕಿಂಗ್ ವಿಷನ್, ಏರ್‌ಟ್ರ್ಯಾಕ್ ಮೂರು ನೋಡಿ ಹೇಳಿ ಅಂತ ಡೆಮೋಗೆ ಬಂದಿದ್ದವು. ಯಾವುದು ಒಳ್ಳೆಯದು ಅಂತ ಪರ್ಚೇಸ್ ವಿಭಾಗದವರು ದಿನಕ್ಕೊಮ್ಮೆ ಕೇಳುತ್ತಿದ್ದರು. ಈ ರೋಗಿ ಬಂದ ಮೇಲೆ ಆ ಪ್ರಶ್ನೆಯೇ ತಪ್ಪು ಅಂತ ತೋರಿಸುವುದು ಸುಲಭವಾಯಿತು.

ಈ ಉಪಕರಣ ಏನು ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಪೂರ್ತಿ ಮಲಗಿಸಿ ಸ್ನಾಯು ಸಡಿಲಿಸಿದರೆ ಉಸಿರು ನಿಲ್ಲುತ್ತದೆ. ಉಸಿರು ನಾವು ಕೊಡಬೇಕು. ಅದಕ್ಕೆ ಶ್ವಾಸನಾಳದೊಳಗೆ ಟ್ಯೂಬ್ ಇಳಿಸಬೇಕು. ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ 1943ರಲ್ಲಿ ಮಾಡಿದ ಬಾಗಿದ ಬ್ಲೇಡನ್ನು ಇವತ್ತಿಗೂ ಬಳಸುತ್ತೇವೆ. ಅದರಲ್ಲಿ ನಾಲಿಗೆಯನ್ನು ಎತ್ತಿ, ನಮ್ಮ ಕಣ್ಣಿನಿಂದ ಧ್ವನಿತಂತುಗಳವರೆಗೆ ನೇರ ನೋಟ ಸಿಗುವಂತೆ ಮಾಡಿಕೊಳ್ಳಬೇಕು. ವಿಡಿಯೊದಲ್ಲಿ ಕ್ಯಾಮೆರಾ ಬ್ಲೇಡಿನ ತುದಿಯ ಹತ್ತಿರವೇ ಇರುತ್ತದೆ, ಹಾಗಾಗಿ ತಿರುವಿನ ಆಚೆಗಿನದ್ದೂ ಪರದೆಯಲ್ಲಿ ಕಾಣುತ್ತದೆ. ಕೆನಡಾದ ಸರ್ಜನ್ ಜಾನ್ ಪೇಸಿ ರೂಪಿಸಿದ ಗ್ಲೈಡ್‌ಸ್ಕೋಪ್ 2001ರ ಹೊತ್ತಿಗೆ ಬಂದ ಮೇಲೆ ಈ ದಾರಿ ತೆರೆಯಿತು. ಈಗ ಇವುಗಳಲ್ಲಿ ಮೂರು ಜಾತಿ. ಮ್ಯಾಕಿಂಟಾಷ್ ಆಕಾರಕ್ಕೇ ಕ್ಯಾಮೆರಾ ಕೂರಿಸಿದವು. ಜಾಸ್ತಿ ಬಾಗಿದವು, ಉದಾಹರಣೆಗೆ ಗ್ಲೈಡ್‌ಸ್ಕೋಪ್, ಸಿ-ಮ್ಯಾಕಿನ ಡಿ-ಬ್ಲೇಡ್. ಟ್ಯೂಬ್ ಜಾರಿಸೋಕೆ ಬದಿಯಲ್ಲೇ ಕಾಲುವೆ ಇರುವವು, ಏರ್‌ಟ್ರ್ಯಾಕ್ ಥರದವು. ಕಿಂಗ್ ವಿಷನ್‌ಗೆ ಕಾಲುವೆ ಇರುವ ಬ್ಲೇಡೂ ಇದೆ, ಇಲ್ಲದ್ದೂ ಇದೆ.

ನನ್ನ ಜೊತೆ ಇದ್ದ ಕಿರಿಯ ಡಾಕ್ಟರ್ ಓದಿಕೊಂಡು ಬಂದಿದ್ದ. 2024ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನವರು 8,429 ಆಪರೇಷನ್‌ಗಳ ಲೆಕ್ಕ ಕೊಟ್ಟಿದ್ದಾರೆ. ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನ ಬೇಕಾದದ್ದು ಜಾಸ್ತಿ ಬಾಗಿದ ವಿಡಿಯೊ ಬ್ಲೇಡಿನಲ್ಲಿ ಶೇ. 1.7, ಕ್ಯಾಮೆರಾ ಇಲ್ಲದ ಸಾದಾ ಬ್ಲೇಡಿನಲ್ಲಿ ಶೇ. 7.6. 2023ರಲ್ಲಿ ಬಂದ ಇನ್ನೊಂದು ಅಧ್ಯಯನ ತುರ್ತು ವಿಭಾಗ ಮತ್ತು ಐಸಿಯುಗಳ 1,417 ರೋಗಿಗಳದ್ದು. ಅದರಲ್ಲಿ ಮೊದಲ ಸಲಕ್ಕೇ ಟ್ಯೂಬ್ ಹೋದದ್ದು ವಿಡಿಯೊದಲ್ಲಿ ಶೇ. 85.1, ಸಾದಾದಲ್ಲಿ ಶೇ. 70.8. ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ 222 ಅಧ್ಯಯನಗಳನ್ನು ಸೇರಿಸಿ ನೋಡಿ, ಮೂರೂ ಜಾತಿಯ ವಿಡಿಯೊ ಬ್ಲೇಡುಗಳು ಸಾದಾಕ್ಕಿಂತ ಕಡಿಮೆ ಸೋಲುತ್ತವೆ ಅಂತ ಹೇಳಿತು. "ಹಾಗಾದರೆ ಮಲಗಿಸಿ ಡಿ-ಬ್ಲೇಡ್ ಹಾಕೋಣ ಮೇಡಂ" ಅಂದ.

ಅಂಕಿಗಳ ಬಗ್ಗೆ ನನಗೇನೂ ಜಗಳ ಇಲ್ಲ. ದಿನನಿತ್ಯದ ಕೇಸುಗಳಿಗೆ ವಿಡಿಯೊವೇ ಮೊದಲ ಆಯ್ಕೆ ಆಗಬೇಕು ಅಂತ ನಾನೂ ಒಪ್ಪುತ್ತೇನೆ. ಆದರೆ ಆ ಅಂಕಿಗಳು ಸಾವಿರಾರು ಬಾಯಿಗಳ ಸರಾಸರಿ. ನನ್ನೆದುರು ಇದ್ದದ್ದು ಒಂದೇ ಬಾಯಿ, ಅದೂ 19 ಮಿಲಿಮೀಟರಿನದ್ದು. ಉಪಕರಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಅಳತೆ ಹಿಡಿದು ನೋಡಿದೆವು.

ಏರ್‌ಟ್ರ್ಯಾಕಿನ ದೊಡ್ಡವರ ಸೈಜಿಗೆ ಕನಿಷ್ಠ 18 ಮಿಲಿಮೀಟರ್ ಬಾಯಿ ಬೇಕು. ಕಿಂಗ್ ವಿಷನ್‌ನ ಕಾಲುವೆ ಇರುವ ಬ್ಲೇಡಿಗೂ 18. ಕಾಗದದ ಮೇಲೆ ಒಂದು ಮಿಲಿಮೀಟರ್ ಉಳಿಯುತ್ತದೆ. ಆದರೆ ಆ ದಪ್ಪ ಬ್ಲೇಡ್ ಪೆಟ್ಟಿಗೆಯೊಳಗೆ ಹೋದಂತೆ ನೇರ ಒಳಗೆ ಹೋಗುವುದಿಲ್ಲ. ನಾಲಿಗೆಯ ಬೆನ್ನ ಮೇಲೆ ಉರುಳಿಸಿ ತಿರುಗಿಸಬೇಕು. ಆ ತಿರುಗುವಿಕೆಗೆ ಒಂದು ಮಿಲಿಮೀಟರ್ ಯಾವ ಲೆಕ್ಕ? ಬಲ ಮಾಡಿದರೆ ಮುಂಬಲ್ಲು ಹೋಗುತ್ತದೆ, ಇಲ್ಲ ಬಿಗಿದ ಅಂಗಳು ಹರಿದು ರಕ್ತ ಬರುತ್ತದೆ. ಏರ್‌ಟ್ರ್ಯಾಕಿನ ಸಣ್ಣ ಸೈಜಿಗೆ 16 ಸಾಕು, ಆದರೂ ಅದೇ ತೊಂದರೆ. ಕಾಲುವೆ ಇದ್ದರೆ ಟ್ಯೂಬಿಗೆ ದಾರಿ ಸಿದ್ಧವಾಗಿರುತ್ತದೆ, ಹೊಸಬರ ಕೈಗೂ ಬೇಗ ಒಗ್ಗುತ್ತದೆ. ಬಾಯಿ ತೆರೆಯುವವರಿಗೆ ಇದು ಒಳ್ಳೆಯ ಸಾಧನ. ಇವರಿಗಲ್ಲ.

ಮ್ಯಾಕ್‌ಗ್ರಾತಿನ ಬ್ಲೇಡ್ ತೆಳು, 11.9 ಮಿಲಿಮೀಟರ್. ಕಿಂಗ್ ವಿಷನ್‌ನ ಕಾಲುವೆ ಇಲ್ಲದ್ದಕ್ಕೆ 13 ಸಾಕು. ಡಿ-ಬ್ಲೇಡೂ ತೆಳುವೇ. ಇವು ಮೂರೂ ಒಳಗೆ ಹೋಗುತ್ತವೆ, ಧ್ವನಿತಂತುಗಳೂ ಕಾಣಬಹುದು. ಕಿರಿಯ ಡಾಕ್ಟರ್ ಇಲ್ಲಿಗೆ ನಿಲ್ಲಿಸಿದ್ದ. ನಾನು ಟ್ಯೂಬ್ ತಗೊಂಡು ಬಾ ಅಂದೆ. 7 ನಂಬರಿನ ಟ್ಯೂಬ್ ಅಂದರೆ ಒಳವ್ಯಾಸ 7 ಮಿಲಿಮೀಟರ್, ಹೊರಗಿನಿಂದ ಅಳೆದರೆ ಒಂಬತ್ತರ ಮೇಲೆ. 19ರಲ್ಲಿ ಬ್ಲೇಡ್ 12 ತೆಗೆದುಕೊಂಡರೆ ಉಳಿಯುವುದು 7. ಟ್ಯೂಬ್ ಬ್ಲೇಡಿನ ಪಕ್ಕದಲ್ಲಿ, ಬಾಯಿಯ ಬಲ ಮೂಲೆಯಲ್ಲಿ ಹೋಗಬೇಕು. ನಾರಿನ ಪಟ್ಟಿ ಎಲ್ಲಕ್ಕಿಂತ ಬಿಗಿಯಾಗಿರುವುದು ಅದೇ ಮೂಲೆಯಲ್ಲಿ. ಜಾಸ್ತಿ ಬಾಗಿದ ಬ್ಲೇಡಿನ ಜೊತೆ ಟ್ಯೂಬನ್ನೂ ಅಷ್ಟೇ ಬಾಗಿಸಬೇಕು, ಆ ಬಾಗು ಉಳಿಯಲು ಒಳಗೆ ಗಟ್ಟಿ ಸ್ಟೈಲೆಟ್ ಎಂಬ ಸರಳು ಹಾಕಬೇಕು. ಆ ಬಾಗಿದ ಟ್ಯೂಬ್ ಬಾಯಿಯೊಳಗೆ ತಿರುಗಲು ಜಾಗ ಎಲ್ಲಿದೆ?

ವಿಡಿಯೊ ಬಂದ ಮೇಲೆ ನಮ್ಮವರಿಗೆ ಅಂಟಿದ ಒಂದು ಚಟ ಇದು. ಪರದೆಯಲ್ಲಿ ಧ್ವನಿತಂತು ಕಂಡ ಕೂಡಲೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಸಾದಾ ಬ್ಲೇಡಿನಲ್ಲಿ ಕಂಡರೆ ಸಾಮಾನ್ಯವಾಗಿ ಟ್ಯೂಬ್ ಹೋಗುತ್ತದೆ, ಕಣ್ಣು ಮತ್ತು ಟ್ಯೂಬ್ ಒಂದೇ ನೇರದಲ್ಲಿ ಇರುತ್ತವೆ. ಜಾಸ್ತಿ ಬಾಗಿದ ವಿಡಿಯೊ ಬ್ಲೇಡಿನಲ್ಲಿ ಹಾಗಲ್ಲ. ಚಿತ್ರ ಸೊಗಸಾಗಿ ಬರುತ್ತದೆ, ಟ್ಯೂಬ್ ಹೋಗಿ ಮುಂದಿನ ಗೋಡೆಗೆ ಬಡಿಯುತ್ತದೆ. ಪರದೆ ತುಂಬ ಧ್ವನಿಪೆಟ್ಟಿಗೆ ಕಾಣುವ ಹಾಗೆ ಬ್ಲೇಡನ್ನು ಒಳಗೆ ತಳ್ಳುವುದಕ್ಕಿಂತ, ಸ್ವಲ್ಪ ಹಿಂದೆ ಎಳೆದು ಅರ್ಧ ನೋಟಕ್ಕೆ ತೃಪ್ತಿಪಟ್ಟರೆ ಟ್ಯೂಬ್ ಬೇಗ ಇಳಿಯುತ್ತದೆ. ಇನ್ನೊಂದು ಅಪಾಯವೂ ಇದೆ. ಎಲ್ಲರ ಕಣ್ಣೂ ಪರದೆಯ ಮೇಲೆ ಇರುವಾಗ ಟ್ಯೂಬ್ ಬಾಯಿಯಿಂದ ಕ್ಯಾಮೆರಾದವರೆಗೆ ಬರುವ ದಾರಿಯನ್ನು ಯಾರೂ ನೋಡುತ್ತಿರುವುದಿಲ್ಲ. ಮೆತ್ತನೆ ಅಂಗಳಿಗೆ, ಟಾನ್ಸಿಲ್ ಪಕ್ಕದ ಮಡಿಕೆಗೆ ತೂತು ಬಿದ್ದ ಪ್ರಕರಣಗಳು ವರದಿಯಾಗಿವೆ. ಅದಕ್ಕೇ ಕಲಿಸುವಾಗ ಹೇಳುತ್ತೇವೆ: ಬ್ಲೇಡ್ ಹಾಕುವಾಗ ಬಾಯಿ ನೋಡು, ಆಮೇಲೆ ಪರದೆ ನೋಡು, ಟ್ಯೂಬ್ ಹಾಕುವಾಗ ಮತ್ತೆ ಬಾಯಿ ನೋಡು, ಕೊನೆಗೆ ಪರದೆ. ಈ ರೋಗಿಯ ಅಂಗಳಂತೂ ಮೊದಲೇ ಕಾಗದದ ಹಾಗೆ ಬಿಳುಚಿತ್ತು.

ಸಾದಾ ಬ್ಲೇಡಿನ ಬಗ್ಗೆ ಚರ್ಚೆಯೇ ಆಗಲಿಲ್ಲ. ಬೆನ್ನಿಗೆ ಸೂಜಿ ಹಾಕಿ ಮಾಡಬಹುದಲ್ಲ ಅಂತ ಸರ್ಜನ್ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಹೊಟ್ಟೆಗೆ ಗಾಳಿ ತುಂಬಿ ಮಾಡುವ ಆಪರೇಷನ್ನಿಗೆ ಮರಗಟ್ಟುವಿಕೆ ಎದೆಯ ಮಟ್ಟಕ್ಕೆ ಏರಬೇಕು. ನಡುವೆ ಸಾಲದೆ ಹೋದರೆ ಅಥವಾ ಜಾಸ್ತಿ ಏರಿದರೆ, ಇದೇ ಬಾಯಿಯಲ್ಲಿ ಗಡಿಬಿಡಿಯಿಂದ ಟ್ಯೂಬ್ ಹಾಕಬೇಕು. ಇವತ್ತು ಸಮಾಧಾನವಾಗಿ ಮಾಡಬಹುದಾದ ಕೆಲಸವನ್ನು ಆಪರೇಷನ್ ನಡುವೆ ಹಸಿರು ಬಟ್ಟೆಯ ಕೆಳಗೆ ಮಾಡುವುದು ನನಗೆ ಬೇಡವಾಗಿತ್ತು.

ತೀರ್ಮಾನ

ಟ್ಯೂಬ್ ಮೂಗಿನಿಂದ. ರೋಗಿ ಎಚ್ಚರವಾಗಿರುವಾಗಲೇ, ತಾನೇ ಉಸಿರಾಡುತ್ತಿರುವಾಗಲೇ. ಬಾಗುವ ಫೈಬರ್ ಸ್ಕೋಪನ್ನು ಮೂಗಿನಿಂದ ಶ್ವಾಸನಾಳಕ್ಕೆ ಇಳಿಸಿ ಅದರ ಮೇಲೆ ಟ್ಯೂಬ್ ಜಾರಿಸುವುದು. ವಿಡಿಯೊಗಳಲ್ಲಿ ಅತಿ ತೆಳು ಬ್ಲೇಡ್ ಯಾವುದೋ ಅದು ಪಕ್ಕದಲ್ಲಿ, ಆನ್ ಮಾಡಿ ಸಿದ್ಧ. ಬಾಯೊಳಗೆ ಟ್ಯೂಬ್ ಇಲ್ಲದಿದ್ದರೆ ಆ 19 ಮಿಲಿಮೀಟರ್ ಪೂರ್ತಿ ಬ್ಲೇಡಿಗೇ ಸಿಗುತ್ತದೆ, ಏಳು ಉಳಿದರೂ ಚಿಂತೆ ಇಲ್ಲ. ಎರಡೂ ಆಗದಿದ್ದರೆ ನಿಲ್ಲಿಸಿ ವಾಪಸ್. ಇದು ತುರ್ತು ಆಪರೇಷನ್ ಅಲ್ಲ. ಅಷ್ಟರ ಮೇಲೂ ಎಡವಟ್ಟಾದರೆ ಕತ್ತಿನಲ್ಲಿ ದಾರಿ ಮಾಡಲು ಇ.ಎನ್.ಟಿ. ಸರ್ಜನ್ ಕೈತೊಳೆದು ನಿಂತಿರಬೇಕು, ಕತ್ತಿನ ಮೇಲೆ ಜಾಗಕ್ಕೆ ಪೆನ್ನಿನಿಂದ ಗುರುತು ಮೊದಲೇ ಬಿದ್ದಿರಬೇಕು.

ಫೈಬರ್ ಸ್ಕೋಪಿನಿಂದ ಟ್ಯೂಬ್ ಹಾಕುವ ಪದ್ಧತಿ ಶುರುವಾದದ್ದೇ ಇಂಥ ಒಂದು ಬಾಯಿಯಿಂದ. 1967ರಲ್ಲಿ ಪೀಟರ್ ಮರ್ಫಿ ಎಂಬ ಇಂಗ್ಲೆಂಡಿನ ಅರಿವಳಿಕೆ ವೈದ್ಯರಿಗೆ ಸ್ಟಿಲ್ಸ್ ಎಂಬ ಸಂಧಿವಾತದ ರೋಗಿ ಸಿಕ್ಕರು. ಟ್ಯೂಬ್ ಹಾಕೋಕೆ ಸ್ಕೋಪ್ ಅಂತ ಆಗ ಇರಲಿಲ್ಲ. ಅವರು ಪಿತ್ತನಾಳ ನೋಡುವ ಸ್ಕೋಪನ್ನೇ ತಂದು ಮೂಗಿನಿಂದ ಇಳಿಸಿದರು. ನಮ್ಮ ರೋಗಿಯ ತೊಂದರೆಯೂ ಪಿತ್ತಕೋಶದ್ದೇ. ಸರ್ಜನ್‌ಗೆ ಈ ಕಥೆ ಹೇಳಿದಾಗ ಕಾಯುವ ಬೇಜಾರು ಸ್ವಲ್ಪ ಕಡಿಮೆ ಆಯಿತು.

ರೋಗಿಗೆ ಒಪ್ಪಿಸುವುದು ಇನ್ನೊಂದು ಕೆಲಸ. "ಎಚ್ಚರ ಇಟ್ಟೇ ಹಾಕ್ತೀರಾ? ನೋವ್ ಆಗ್ತದೇನ್ರೀ?" ಅಂದರು. ನೋವು ಆಗದ ಹಾಗೆ ಗಂಟಲು ಜೋಮು ಹಿಡಿಸುತ್ತೇವೆ, ಕೆಮ್ಮು ಬರುತ್ತದೆ, ಸ್ವಲ್ಪ ಹೊತ್ತು ಮಾತು ಆಡೋಕಾಗಲ್ಲ, ಹೆಬ್ಬೆರಳು ಎತ್ತಿದರೆ ನಾನು ನಿಲ್ಲಿಸುತ್ತೇನೆ ಎಂದೆ. ಇಷ್ಟು ವರ್ಷ ಪುಣೆಯಲ್ಲಿ ಇದ್ದವರಿಗೆ ಮರಾಠಿ, ಹಿಂದಿ ಎರಡೂ ಚೆನ್ನಾಗಿ ಬರುತ್ತದೆ. ಆದರೆ ಗಂಟಲಲ್ಲಿ ನಳಿಗೆ ಇಳಿಯುವಾಗ ಮನೆಯ ಮಾತೇ ಬೇಕು. ಸಿಸ್ಟರ್‌ಗೆ "ಉಸಿರು ತಗೋರಿ" ಅನ್ನುವುದನ್ನು ಹೇಳಿಕೊಟ್ಟೆ. ಮರಾಠಿ ರಾಗದಲ್ಲಿ ಆಕೆ ಅದನ್ನು ಹೇಳಿದ್ದು ಕೇಳಿ ರೋಗಿ ನಕ್ಕರು. ನಗುವಾಗಲೂ ಬಾಯಿ ಅಷ್ಟೇ ತೆರೆಯಿತು.

ಓಟಿಯಲ್ಲಿ

ತಲೆಯ ಕಡೆ ಎತ್ತರಿಸಿ, ಒರಗಿ ಕೂತ ಹಾಗೆ ಮಲಗಿಸಿದೆವು. ಜೊಲ್ಲು ಕಡಿಮೆ ಆಗಲು ಗ್ಲೈಕೋಪೈರೋಲೇಟ್ ಇಂಜೆಕ್ಷನ್ ಮೊದಲೇ ಆಗಿತ್ತು. ರಕ್ತ ಬರದಿರಲಿ ಅಂತ ಎರಡೂ ಹೊಳ್ಳೆಗೆ ಜೈಲೊಮೆಟಾಜೊಲಿನ್ ಹನಿ. ಎಡ ಹೊಳ್ಳೆಯಲ್ಲಿ ಆಮ್ಲಜನಕದ ಸಣ್ಣ ನಳಿಗೆ, ಕೊನೆಯವರೆಗೂ ತೆಗೆಯಲಿಲ್ಲ. ನಮ್ಮ ದೇಶದ ಕಷ್ಟದ ಶ್ವಾಸಮಾರ್ಗಗಳ ಸಂಘ 2016ರ ಮಾರ್ಗಸೂಚಿಯಲ್ಲಿ ಒತ್ತಿ ಹೇಳಿದ್ದು ಇದನ್ನೇ, ಪ್ರಯತ್ನ ನಡೆಯುವಷ್ಟು ಹೊತ್ತೂ ಮೂಗಿನಲ್ಲಿ ಆಮ್ಲಜನಕ ಹರಿಯುತ್ತಿರಲಿ ಅಂತ. ಖರ್ಚಿಲ್ಲದ ಕೆಲಸ, ಮರೆಯುವವರು ಮಾತ್ರ ಜಾಸ್ತಿ.

ಜೋಮು ಹಿಡಿಸುವ ಲಿಗ್ನೋಕೇನ್ ಸ್ಪ್ರೇ ನಾಲಿಗೆಗೆ, ಗಂಟಲಿಗೆ, ಹೊಳ್ಳೆಗೆ. ಒಂದು ಕಿಲೋಗೆ 9 ಮಿಲಿಗ್ರಾಂ ಎಂಬುದು ಮೇಲಿನ ಮಿತಿ, ಅದನ್ನೂ ಕೊಬ್ಬು ಬಿಟ್ಟು ಉಳಿದ ತೂಕಕ್ಕೆ ಲೆಕ್ಕ ಹಾಕಬೇಕು. ಸಿಸ್ಟರ್ ಒಂದೊಂದು ಸ್ಪ್ರೇಯನ್ನೂ ಬರೆದುಕೊಂಡರು. ಮಂಪರು ಬರುವಷ್ಟು ಡೆಕ್ಸ್‌ಮೆಡಿಟೊಮಿಡಿನ್. "ನಾಲಗಿ ದಪ್ಪ ಆಗ್ಯದ್ರೀ" ಅಂತ ತೊದಲಿದಾಗ ಜೋಮು ಹಿಡಿದಿದೆ ಅಂತ ಗೊತ್ತಾಯಿತು.

6.5 ನಂಬರಿನ ಮೆತ್ತನೆಯ ತಂತಿಸುರುಳಿ ಟ್ಯೂಬನ್ನು ಸ್ಕೋಪಿನ ಮೇಲೆ ಮೊದಲೇ ಏರಿಸಿಟ್ಟು, ಬಲ ಹೊಳ್ಳೆಯಿಂದ ಸ್ಕೋಪ್ ಇಳಿಸಿದೆ. ಮೂಗಿನ ಹಿಂಬದಿಯವರೆಗೆ ಚೆನ್ನಾಗಿ ಹೋಯಿತು. ಅಲ್ಲಿಂದ ಕೆಳಗೆ ತಿರುಗಿಸುವಾಗ ಚಿತ್ರ ಗುಲಾಬಿ ಆಯಿತು, ಆಮೇಲೆ ಪೂರ್ತಿ ಕೆಂಪು. ಹನಿ ಹಾಕಿದ್ದರೂ ಸ್ವಲ್ಪ ರಕ್ತ ಬಂದಿತ್ತು. ಹೀರಿ ತೆಗೆದು, ಲೆನ್ಸ್ ಒರೆಸಿ ಮತ್ತೆ ಇಳಿಸಿದರೂ ಅದೇ. ಫೈಬರ್ ಸ್ಕೋಪಿನ ಕಣ್ಣು ತೀರಾ ಸಣ್ಣದು. ಒಂದು ಹನಿ ರಕ್ತ, ಒಂದು ಎಳೆ ಜೊಲ್ಲು ಸಾಕು, ಕುರುಡಾಗುತ್ತದೆ. ರೋಗಿ ಆರಾಮಾಗಿ ಉಸಿರಾಡುತ್ತಿದ್ದರು, ಆಮ್ಲಜನಕ ಶೇ. 99. ಹಾಗಾಗಿ ನಮಗೂ ಅವಸರ ಇರಲಿಲ್ಲ.

ಕಿರಿಯ ಡಾಕ್ಟರ್‌ಗೆ ತೆಳು ಬ್ಲೇಡ್ ತಗೋ ಅಂದೆ. "ಬಾಯಿ ತೆರೀರಿ ಅಣ್ಣಾರ, ಹಂಗ, ಭಾಳ ಚಲೋ." ಅವನು ಬ್ಲೇಡನ್ನು ಹಲ್ಲಿಗೆ ತಾಗಿಸದೆ, ನಾಲಿಗೆಯ ನಡುಗೆರೆಯ ಮೇಲೆ ಮೆಲ್ಲಗೆ ಜಾರಿಸಿದ. ಎತ್ತಬೇಡ, ಬರೀ ಇಡು ಅಂತ ಹೇಳಿದ್ದೆ. ಎಚ್ಚರ ಇರುವವರ ನಾಲಿಗೆಯನ್ನು ಬಲವಾಗಿ ಎತ್ತಿದರೆ ಓಕರಿಕೆ ಬರುತ್ತದೆ. ಪರದೆಯಲ್ಲಿ ಎಪಿಗ್ಲಾಟಿಸಿನ, ಅಂದರೆ ಶ್ವಾಸನಾಳದ ಬಾಯಿಯ ಮುಚ್ಚಳದ, ಅಂಚು ಬಂತು. ಅದರ ಹಿಂದೆ ಧ್ವನಿತಂತುಗಳು ಉಸಿರಿನ ಜೊತೆ ತೆರೆದು ಮುಚ್ಚುತ್ತಿದ್ದವು. ಎಡಗಡೆಯ ಕುಳಿಯಲ್ಲಿ ರಕ್ತ ಬೆರೆತ ಜೊಲ್ಲು ನಿಂತಿತ್ತು, ನನ್ನ ಸ್ಕೋಪಿನ ತುದಿ ಅದರೊಳಗೆ ಮುಳುಗಿ ಮಿಣಮಿಣ ಅನ್ನುತ್ತಿತ್ತು. ನಾನು ಕುರುಡಾಗಿ ನಿಂತಿದ್ದ ಜಾಗ ಗುರಿಯಿಂದ ಎರಡು ಸೆಂಟಿಮೀಟರ್ ಕೂಡ ದೂರ ಇರಲಿಲ್ಲ.

ಆಮೇಲೆ ಸ್ಕೋಪಿನ ಚಿತ್ರ ನೋಡುವುದನ್ನೇ ಬಿಟ್ಟೆ. ವಿಡಿಯೊ ಪರದೆ ನೋಡುತ್ತಾ ತುದಿಯನ್ನು ಕುಳಿಯಿಂದ ಎತ್ತಿ, ಬಲಕ್ಕೆ ತಂದು, ಉಸಿರು ಒಳಗೆ ಎಳೆಯುವಾಗ ತಂತುಗಳ ನಡುವೆ ಇಳಿಸಿದೆ. ಕೆಮ್ಮಿದರು. ಕೆಮ್ಮು ಬಂದರೆ ನಮಗೆ ಖುಷಿ, ಸರಿಯಾದ ಜಾಗ ಅಂತ ಅರ್ಥ. ಒಳಗೆ ಗಾಳಿ ತಾಗಿ ಲೆನ್ಸ್ ತಿಳಿಯಾಯಿತು, ಶ್ವಾಸನಾಳದ ಉಂಗುರಗಳು ಕಂಡವು.

ಮುಂದಿನ ಹಂತದಲ್ಲಿ ವಿಡಿಯೊ ಇನ್ನೂ ದೊಡ್ಡ ಉಪಕಾರ ಮಾಡಿತು. ಬರೀ ಫೈಬರ್ ಸ್ಕೋಪ್ ಇದ್ದಾಗ ಟ್ಯೂಬ್ ಜಾರಿಸುವುದು ಕುರುಡು ಕೆಲಸ. ಸ್ಕೋಪಿನ ಕಣ್ಣು ಆಗಲೇ ಶ್ವಾಸನಾಳದ ಒಳಗಿರುತ್ತದೆ, ಹಿಂದೆ ಬರುವ ಟ್ಯೂಬಿಗೆ ಏನಾಗುತ್ತಿದೆ ಅಂತ ಅದಕ್ಕೆ ಕಾಣಿಸುವುದಿಲ್ಲ. ಟ್ಯೂಬ್ ಜಾರಿಸಿದೆ, ಒಂದು ಕಡೆ ನಿಂತಿತು. ಪರದೆಯಲ್ಲಿ ಸ್ಪಷ್ಟವಾಗಿತ್ತು: ಟ್ಯೂಬಿನ ಓರೆ ಮೂತಿ ಧ್ವನಿತಂತುಗಳ ಹಿಂಬದಿಯಲ್ಲಿ ಬಲಗಡೆ ಇರುವ ಅರಿಟಿನಾಯ್ಡ್ ಉಬ್ಬಿಗೆ ಸಿಕ್ಕಿಕೊಂಡಿದೆ. ಸುಮ್ನೆ ಒತ್ತಿದರೆ ಆ ಉಬ್ಬು ಗಾಯವಾಗುತ್ತದೆ. ಒಂದಿಷ್ಟು ಹಿಂದೆ ಎಳೆದು, ಟ್ಯೂಬನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದೆ. ಮೂತಿ ಬಿಡಿಸಿಕೊಂಡು ತಂತುಗಳ ನಡುವೆ ಜಾರಿತು. ಈ ತಿರುಗಿಸುವ ಉಪಾಯ ಹಳೆಯದು, ಎಲ್ಲರೂ ಬಲ್ಲದ್ದು. ಅದು ಕೆಲಸ ಮಾಡುವುದನ್ನು ಎದುರಿಗೇ ನೋಡಿ ಕಿರಿಯ ಡಾಕ್ಟರ್ ಬ್ಲೇಡ್ ಹಿಡಿದುಕೊಂಡೇ "ಅರೇ" ಅಂದ.

ಟ್ಯೂಬ್ ಹೋಗುವುದನ್ನು ಕಣ್ಣಲ್ಲಿ ಕಂಡದ್ದು ಒಂದು ಸಾಕ್ಷಿ. ಎರಡನೆಯದು ಉಸಿರಿನಲ್ಲಿ ಬರುವ ಕಾರ್ಬನ್ ಡೈಆಕ್ಸೈಡ್. 2022ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಬರೆದ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಏಳು ಉಸಿರಿನವರೆಗೆ ಅಲೆ ಕುಗ್ಗದೆ ಬರಬೇಕು, ಇಲ್ಲದಿದ್ದರೆ ಟ್ಯೂಬ್ ಅನ್ನನಾಳದಲ್ಲಿಲ್ಲ ಅಂತ ನಂಬಬೇಡಿ. ಎಣಿಸಿದೆವು. ಅಲೆ ಚೆನ್ನಾಗಿ ಏಳುತ್ತಿತ್ತು. ಆಮೇಲೆಯೇ ಪೂರ್ತಿ ಮಲಗಿಸುವ ಪ್ರೊಪೊಫಾಲ್. ಪಿತ್ತಕೋಶ ತೆಗೆದದ್ದು ಮಾಮೂಲಿ ಕೆಲಸ, ಅದರ ಬಗ್ಗೆ ಬರೆಯುವಂಥದ್ದು ಏನೂ ಆಗಲಿಲ್ಲ.

ಟ್ಯೂಬ್ ತೆಗೆಯುವ ಹೊತ್ತಿಗೆ ಎಲ್ಲರಿಗೂ ಮನೆಗೆ ಹೋಗುವ ಆತುರ. ಬ್ರಿಟನ್ನಿನಲ್ಲಿ 2011ರಲ್ಲಿ ಬಂದ ಅರಿವಳಿಕೆ ಅವಘಡಗಳ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶ್ವಾಸಮಾರ್ಗದ ದೊಡ್ಡ ಅನಾಹುತಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಎಚ್ಚರಿಸುವಾಗ ಇಲ್ಲವೇ ರಿಕವರಿಯಲ್ಲಿ ಆಗಿದ್ದವು. ಇವರ ಬಾಯಿ ಸಂಜೆಗೂ 19 ಮಿಲಿಮೀಟರೇ. ತೆಗೆದ ಮೇಲೆ ಮತ್ತೆ ಹಾಕಬೇಕಾಗಿ ಬಂದರೆ ಬೆಳಗಿನ ಸಮಾಧಾನ ಇರುವುದಿಲ್ಲ. ಸ್ನಾಯುಶಕ್ತಿ ಪೂರ್ತಿ ಬಂದಿದೆ ಅಂತ ಯಂತ್ರದಲ್ಲಿ ನೋಡಿ, ಕಣ್ಣು ಬಿಟ್ಟು, ಹೇಳಿದ ಮಾತಿಗೆ ಕೈ ಹಿಂಡಿ, ತಲೆ ಎತ್ತಿ ಹಿಡಿದ ಮೇಲೆಯೇ ತೆಗೆದೆವು. ಇ.ಎನ್.ಟಿ. ಸರ್ಜನ್‌ರನ್ನು ಅಲ್ಲಿಯವರೆಗೂ ಬಿಡಲಿಲ್ಲ. ಪಾಪ, ಅವರ ಓಪಿಡಿಯಲ್ಲಿ ಜನ ಕಾಯುತ್ತಿದ್ದರು.

ಕಾಗದಪತ್ರ

ಡಿಸ್ಚಾರ್ಜ್ ಆಗುವಾಗ ಒಂದು ಕಾರ್ಡ್ ಬರೆದುಕೊಟ್ಟೆ, ಇಂಗ್ಲಿಷ್, ಮರಾಠಿ, ಕನ್ನಡ ಮೂರರಲ್ಲೂ. ಬಾಯಿ 19 ಮಿಲಿಮೀಟರ್, ಔಷಧಿಗೆ ಸಡಿಲವಾಗುವುದಿಲ್ಲ. ಎಚ್ಚರದಲ್ಲಿ ಮೂಗಿನ ಫೈಬರ್ ಸ್ಕೋಪ್, ಜೊತೆಗೆ ತೆಳು ವಿಡಿಯೊ ಬ್ಲೇಡ್, 6.5 ಟ್ಯೂಬ್. ಬಲ ಹೊಳ್ಳೆಯಲ್ಲಿ ರಕ್ತ ಬಂದಿತ್ತು. ಮಾಸ್ಕಿನಿಂದ ಉಸಿರು ಕೊಟ್ಟು ನೋಡಿಲ್ಲ. ಈ ಕೊನೆಯ ಸಾಲು ಬೇಕೇ ಬೇಕು. ಇಲ್ಲದಿದ್ದರೆ ಮುಂದಿನ ಡಾಕ್ಟರ್ ಮಾಸ್ಕ್ ಸುಲಭ ಅಂತ ಅಂದುಕೊಂಡುಬಿಡುತ್ತಾರೆ. ದಂತ ವಿಭಾಗಕ್ಕೂ ಕಳಿಸಿದೆವು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರುವ ಬಾಯಿಯಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಇರುತ್ತದೆ, ಆಗಾಗ ತೋರಿಸುತ್ತಿರಬೇಕು. ಮಾವಾ ಬಿಡ್ತೀನ್ರೀ ಅಂದರು. ಹೆಂಡತಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಪರ್ಚೇಸ್‌ನವರ ಪ್ರಶ್ನೆಗೆ ಉತ್ತರ ಬರೆಯುವುದು ಬಾಕಿ ಇತ್ತು. ಮೊದಲು ಇರುವ ಫೈಬರ್ ಸ್ಕೋಪಿನ ಸರ್ವಿಸ್ ಮಾಡಿಸಿ ಅಂತ ಬರೆದೆ. ಆಮೇಲೆ, ದಿನದ ಕೆಲಸಕ್ಕೆ ತೊಳೆದು ಮತ್ತೆ ಬಳಸುವ ಬ್ಲೇಡಿನದ್ದು ಒಂದು, ಮ್ಯಾಕಿಂಟಾಷ್ ಆಕಾರ ಮತ್ತು ಜಾಸ್ತಿ ಬಾಗಿದ್ದು ಎರಡೂ ಹಾಕಬಹುದಾದದ್ದು, ಪರದೆ ಬೇರೆ ಇರುವಂಥದ್ದು. ಪರದೆ ದೊಡ್ಡದಿದ್ದರೆ ಕಲಿಯುವವರೂ ನೋಡುತ್ತಾರೆ, ಟ್ಯೂಬ್ ಕೊಡುವ ಸಿಸ್ಟರೂ ನೋಡುತ್ತಾರೆ, ಯಾವಾಗ ಏನು ಬೇಕು ಅಂತ ಕೇಳುವ ಮೊದಲೇ ಕೈಗೆ ಬರುತ್ತದೆ. ರಾತ್ರಿ ವಾರ್ಡಿಗೆ, ಐಸಿಯುಗೆ ಓಡಲು ಹಿಡಿಕೆಯಲ್ಲೇ ಪರದೆ ಇರುವ ತೆಳು ಬ್ಲೇಡಿನದ್ದು ಒಂದು. ಅದರ ಬ್ಲೇಡ್ ಒಂದು ರೋಗಿಗೆ ಒಂದು, ಬಿಸಾಡುವಂಥದ್ದು. ಆ ಖರ್ಚು ಪ್ರತಿ ತಿಂಗಳೂ ಬರುತ್ತದೆ ಅಂತಲೂ ಬರೆದೆ, ಮೊದಲ ಬೆಲೆ ನೋಡಿ ಖುಷಿಪಡುವವರಿಗೆ ಇದು ಆಮೇಲೆ ಹೊಳೆಯುತ್ತದೆ. ಕಾಲುವೆ ಇರುವವು ಸದ್ಯ ಬೇಡ, ನಮಗೆ ಬರುವ ಗುಟ್ಕಾ ಬಾಯಿಗಳಿಗೆ ಅವು ದಪ್ಪ. ಜೊತೆಗೆ ಬಾಗಿದ ಬ್ಲೇಡಿಗೆ ಸರಿಹೊಂದುವ ಗಟ್ಟಿ ಸ್ಟೈಲೆಟ್ ಮತ್ತು ಬೂಜಿಗಳು, ಅಂದರೆ ಟ್ಯೂಬಿಗೆ ದಾರಿ ತೋರುವ ಉದ್ದ ಕಡ್ಡಿಗಳು.

ಪಟ್ಟಿ ವಾಪಸ್ ಬಂದಾಗ ಲಕ್ಷಗಟ್ಟಲೆಯ ಎರಡು ಉಪಕರಣಗಳಿಗೂ ಸಹಿ ಬಿದ್ದಿತ್ತು. ಸ್ಟೈಲೆಟ್ ಮತ್ತು ಬೂಜಿಯ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ "ಅಗತ್ಯವಿಲ್ಲ, ಕ್ಯಾಮೆರಾ ಇದೆ" ಎಂದು ಬರೆದಿದ್ದರು. ಆ ಸಾಲನ್ನು ಮತ್ತೆ ಬರೆದು, 19 ಮಿಲಿಮೀಟರಿನ ಲೆಕ್ಕವನ್ನೂ ಕೆಳಗೆ ಸೇರಿಸಿ, ಫೈಲನ್ನು ವಾಪಸ್ ಕಳಿಸಿದ್ದೇನೆ.